ಮೀಟರಕ್ಕನ ಎಡಗಾಲಿನ ಬೂಟು

ಆ ಬೀದಿಯ ಬೂಟು ರಿಪೇರಿಯವನ ನಿಜವಾದ ಹೆಸರೇನೆಂದು ಕೇಳಿದರೆ ಅವನ ಹೆಂಡತಿಯೂ ಒಂದು ಕ್ಷಣ ಯೋಚಿಸಬೇಕಾಗುತ್ತಿತ್ತು. ಎಲ್ಲರ ಬಾಯಲ್ಲೂ ಅವನು ಗಟ್ಟಿಯಣ್ಣ. “ಎಷ್ಟು ದಿನ ಬಾಳಿಕೆ ಬರುತ್ತೆ?” ಎಂದು ಗಿರಾಕಿ ಕೇಳಿದರೆ “ಗಟ್ಟಿ” ಎನ್ನುತ್ತಿದ್ದ. “ಸಂಜೆಗೆ ಸಿಗುತ್ತಾ?” ಎಂದರೂ “ಗಟ್ಟಿ.” ಬ್ಯಾಂಕಿನ ಗುಮಾಸ್ತರೊಬ್ಬರು “ಆರೋಗ್ಯ ಹೇಗಿದೆಯಪ್ಪಾ?” ಎಂದು ವಿಚಾರಿಸಿದಾಗಲೂ ಅದೇ ಉತ್ತರ ಬಂದಿತ್ತು. ಆ ವಾರವಿಡೀ ಅವನಿಗೆ ಜ್ವರ.

ಅಂಗಡಿಯೆಂದರೆ ಮೂರು ಮಹಡಿಯ ಕಟ್ಟಡವೊಂದರ ಮೆಟ್ಟಿಲ ಅಡಿಯ ಜಾಗ. ಮೇಲಿನ ಮೆಟ್ಟಿಲುಗಳು ಇಳಿದುಬಂದಂತೆ ಒಳಗಿನ ಚಾವಣಿಯೂ ಇಳಿಯುತ್ತಿತ್ತು. ನಿಲ್ಲಬೇಕೆಂದವನು ಬಾಗಿಲಲ್ಲಿರಬೇಕು, ಒಳಗೆ ಬಂದವನು ಕೂರಬೇಕು, ಇನ್ನೂ ಒಳಗೆ ಹೋಗಬೇಕಾದರೆ ಬೂಟಾಗಿಯೇ ಹುಟ್ಟಿರಬೇಕು. ಇಂಥ ಅಂಗಡಿಯಲ್ಲಿ ಜೋಡಿ ಬೂಟು ಇಡಲು ಜಾಗವೆಲ್ಲಿ? ಆದ್ದರಿಂದ ಗಟ್ಟಿಯಣ್ಣ ಒಂದು ಪದ್ಧತಿ ಮಾಡಿಕೊಂಡಿದ್ದ. ಗಿರಾಕಿ ಒಂದು ಬೂಟನ್ನು ಬಿಟ್ಟು ಇನ್ನೊಂದನ್ನು ಮನೆಗೆ ಒಯ್ಯಬೇಕು. ಎರಡೂ ಹಾಳಾಗಿದ್ದರೆ ಮೊದಲನೆಯದು ಮುಗಿದ ಮೇಲೆ ಎರಡನೆಯದರ ಸರದಿ. ಚೀಟಿಯಿಲ್ಲ, ರಸೀದಿಯಿಲ್ಲ. ಮನೆಯಿಂದ ತಂದ ಬೂಟು ಅಂಗಡಿಯ ಬೂಟಿಗೆ ಜೋಡಿಯಾದರೆ ಅದೇ ಗುರುತು. ಈ ಪದ್ಧತಿಯಲ್ಲಿ ಇನ್ನೊಂದು ಲಾಭವೂ ಇತ್ತು. ಮೂವತ್ತೊಂದು ವರ್ಷದಲ್ಲಿ ಅಲ್ಲಿಂದ ಒಂದೇ ಒಂದು ಬೂಟೂ ಕಳುವಾಗಿರಲಿಲ್ಲ. ಒಂಟಿ ಬೂಟನ್ನು ಕದ್ದೊಯ್ದು ಯಾರಾದರೂ ಏನು ಮಾಡಿಯಾರು? ಬೆಳಿಗ್ಗೆ ಚಹಾ ಕುಡಿಯಲು ಹೋಗುವಾಗ ಅವನು ಬಾಗಿಲನ್ನೂ ಎಳೆದುಕೊಳ್ಳುತ್ತಿರಲಿಲ್ಲ.

“ಒಂದು ದಿನ ಎಲ್ಲ ಹೊತ್ಕೊಂಡು ಹೋಗ್ತಾರೆ, ಆಗ ಬಾಯಿ ಬಾಯಿ ಬಡ್ಕೊಳ್ಳಿ,” ಎನ್ನುತ್ತಿದ್ದಳು ಹೆಂಡತಿ. ಅವಳು ಮನೆಯಲ್ಲಿ ಮಿಷನ್ನಿನ ಮುಂದೆ ಕೂತು ಚೀಲಗಳಿಗೆ ಹಿಡಿ ಹೊಲಿಯುತ್ತಿದ್ದಳು. ಹೊಲಿಗೆಯೂ ಮಾತೂ ಒಂದೇ ವೇಗದಲ್ಲಿ ಓಡುತ್ತಿದ್ದವು.

“ಯಾರು ಹೊರ್ತಾರೆ? ಒಂಟಿ ಕಾಲಿನ ಕಳ್ಳನಾ?” ಎಂದು ಅವನು ನಗುತ್ತಿದ್ದ.

ಅವನು ಮಾಡಿದ ಕೆಲಸಗಳಲ್ಲೆಲ್ಲ ಅವನಿಗೆ ಹೆಮ್ಮೆಯೆನಿಸಿದ್ದು ಮೀಟರಕ್ಕನ ಎಡಗಾಲಿನ ಬೂಟು. ಮೀಟರಕ್ಕ ಮನೆಮನೆಗೆ ಹೋಗಿ ನೀರಿನ ಮೀಟರು ಓದುವವಳು, ಗುತ್ತಿಗೆದಾರನ ಕೈಕೆಳಗೆ ದುಡಿಯುವವಳು. ತಿಂಗಳ ಮೊದಲ ಹತ್ತು ದಿನಗಳಲ್ಲಿ ಒಂಬೈನೂರು ಮನೆ ಮುಗಿಸಬೇಕು. ಹುಟ್ಟಿನಿಂದಲೇ ಅವಳ ಎಡಗಾಲು ಗಿಡ್ಡ. ಹನ್ನೆರಡು ವರ್ಷದ ಹಿಂದೆ ಅವಳು ಮೊದಲ ಸಲ ಅಂಗಡಿಗೆ ಬಂದಾಗ ಗಟ್ಟಿಯಣ್ಣ ಅವಳನ್ನು ಬೀದಿಯುದ್ದ ನಾಲ್ಕು ಸಲ ನಡೆಸಿ, ಹಿಂದಿನಿಂದ ನೋಡಿ, ಪಕ್ಕದಿಂದ ನೋಡಿ, ಬೆಂಡಿನ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ ಅಟ್ಟೆ ಎತ್ತರಿಸಿದ್ದ. ಆಮೇಲೆ ವರ್ಷ ವರ್ಷವೂ ಎಳೆಯಷ್ಟು ಕೆತ್ತಿ, ಕೂದಲಷ್ಟು ಸೇರಿಸಿ, ಕೊನೆಗೆ ಅವಳು ನಡೆದರೆ ಹೊಸಬರಿಗೆ ಏನೂ ತಿಳಿಯದ ಹಾಗೆ ಮಾಡಿಟ್ಟಿದ್ದ. ಅವಳು ಬೀದಿಯಲ್ಲಿ ಹೋಗುವಾಗ ಅವನು ಕೆಲಸ ನಿಲ್ಲಿಸಿ ನೋಡುತ್ತಿದ್ದ. ಹೆಂಡತಿಗೆ ಇದು ಗೊತ್ತಿತ್ತು. “ನೋಡೋದು ಅವಳನ್ನಲ್ಲ, ಅವಳ ಕಾಲನ್ನ. ನನ್ನ ಹಣೆಬರಹಕ್ಕೆ ಸವತಿಯೂ ನೆಟ್ಟಗೆ ಸಿಗಲಿಲ್ಲ,” ಎಂದು ಮೂಗು ಮುರಿಯುತ್ತಿದ್ದಳು.

ಹೀಗಿರುವಾಗ ಸರ್ಕಾರ ಹೊಸ ತೆರಿಗೆ ತಂದಿತು. ಕಾಗದದಲ್ಲಿ ಅದಕ್ಕೆ ಪುನರ್ಮೌಲ್ಯ ತೆರಿಗೆ ಎಂದು ಹೆಸರು. ಬೀದಿಯವರು ತೇಪೆ ತೆರಿಗೆ ಎಂದರು. ಅದನ್ನು ಅರ್ಥ ಮಾಡಿಸಲು ಒಬ್ಬ ಅಧಿಕಾರಿ ಬಂದು, ರಿಪೇರಿ ಅಂಗಡಿಯವರನ್ನೆಲ್ಲ ಕಟ್ಟಡದ ಮುಂದೆ ಸೇರಿಸಿದರು.

“ಹರಿದ ಬೂಟಿನ ಬೆಲೆ ಎಷ್ಟು?” ಎಂದು ಗಟ್ಟಿಯಣ್ಣನನ್ನೇ ಕೇಳಿದರು.

“ಏನೂ ಇಲ್ಲ ಸಾರ್.”

“ಹೊಲಿದ ಮೇಲೆ?”

“ಹಾಕ್ಕೊಂಡು ನಡೀಬಹುದು.”

“ಅಂದ್ರೆ ಬೆಲೆ ಬಂತು. ಯಾರು ಹುಟ್ಟಿಸಿದ್ದು ಆ ಬೆಲೇನ? ನೀವು. ಹುಟ್ಟಿಸಿದ್ದಕ್ಕೆ ತೆರಿಗೆ. ನಿಮ್ಮ ಕೂಲಿ ಮೇಲಲ್ಲ, ಇಡೀ ಬೂಟಿನ ಮೇಲೆ.”

ಛತ್ರಿ ರಿಪೇರಿಯ ಹೆಂಗಸು ಹಿಂದಿನಿಂದ ಕೈಯೆತ್ತಿದಳು. “ನಾನು ಇಬ್ರು ಮಕ್ಕಳನ್ನೂ ಹುಟ್ಟಿಸಿದ್ದೀನಿ ಸಾರ್. ಅದಕ್ಕೂ ಇದ್ಯಾ?”

ಎಲ್ಲರೂ ನಕ್ಕರು, ಅಧಿಕಾರಿಯೂ ನಕ್ಕರು. ಆಮೇಲೆ ಫಾರಮ್ಮು ಹಂಚಿ ಹೋದರು. ಫಾರಮ್ಮು ಓದಿದ ಮೇಲೆ ಯಾರಿಗೂ ನಗು ಬರಲಿಲ್ಲ. ಹಿಮ್ಮಡಿಗೆ ನಾಲ್ಕು ಮೊಳೆ ಹೊಡೆಸಿಕೊಂಡವನು ಹೊಸ ಬೂಟಿನ ತೆರಿಗೆ ಕಟ್ಟಬೇಕಾದರೆ ಅವನೇಕೆ ಮೊಳೆ ಹೊಡೆಸಿಕೊಳ್ಳುತ್ತಾನೆ? ಬೀದಿಯವರು ಅಲ್ಲೇ ನಿಂತು ಒಂದು ಮಾತಿಗೆ ಬಂದರು: ಯಾರೂ ಕಟ್ಟುವುದಿಲ್ಲ, ಒಬ್ಬರೂ ಕಟ್ಟುವುದಿಲ್ಲ. ಅತಿ ಜೋರಾಗಿ ತಲೆಯಾಡಿಸಿದವನು ಗಟ್ಟಿಯಣ್ಣ.

ವಿರೋಧ ಪಕ್ಷದ ನಾಯಕರು ಬಂದದ್ದು ಆ ಮೇಲಿನ ಭಾನುವಾರ. ಹಿಂದೆ ವಕೀಲರಾಗಿದ್ದವರು, ಗಂಟೆ ಬಾರಿಸಿದಂಥ ದನಿ. ಅವರು ಕಾಯಿದೆಯನ್ನು ಕೊನೆಯ ಪುಟದವರೆಗೂ ಓದಿದ್ದರು. ತಂದ ಮಂತ್ರಿಯೇ ಅಷ್ಟು ಓದಿರಲಿಕ್ಕಿಲ್ಲ. ಗಿರಾಕಿಯ ಸ್ಟೂಲಿನ ಮೇಲೆ ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತು, ದಾರ ಎಷ್ಟಕ್ಕೆ, ಅಂಟು ಎಲ್ಲಿಂದ, ದಿನಕ್ಕೆ ಎಷ್ಟು ಬೂಟು ಎಂದೆಲ್ಲ ಕೇಳಿದರು, ಉತ್ತರವನ್ನು ಕಿವಿಗೊಟ್ಟು ಕೇಳಿಸಿಕೊಂಡರು. ಅವರು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಾಗಿರಲಿಲ್ಲ. ಕಷ್ಟ ಇರುವುದೇ ಅಲ್ಲಿ. ಸುಳ್ಳು ಹೇಳಿದ್ದರೆ ಗಟ್ಟಿಯಣ್ಣ ಹುಷಾರಾಗಿರುತ್ತಿದ್ದ.

“ಇದು ಯಾರದು?” ಎಂದು ಅವರು ಮೀಟರಕ್ಕನ ಬೂಟನ್ನು ಎತ್ತಿಕೊಂಡರು. ಶನಿವಾರ ಸಂಜೆ ಬಿಟ್ಟುಹೋದದ್ದು, ಹೊಸ ಅಟ್ಟೆ ಕೂರಿಸಿ ಆಗಷ್ಟೇ ಮುಗಿದಿತ್ತು. ಗಟ್ಟಿಯಣ್ಣ ಕಥೆಯನ್ನೆಲ್ಲ ಹೇಳಿದ. ಹೇಳಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೇಳಿದ. ಇಷ್ಟು ದೊಡ್ಡ ಮನುಷ್ಯರು ತನ್ನ ಕೈಕೆಲಸವನ್ನು ಬೆಳಕಿಗೆ ಹಿಡಿದು ನೋಡುತ್ತಿರುವಾಗ ಯಾರಿಗೆ ಬಾಯಿ ಕಟ್ಟೀತು?

“ಇದನ್ನ ನನಗೆ ಒಂದು ದಿನಕ್ಕೆ ಕೊಡಿ. ನಾಳೆ ಸದನದಲ್ಲಿ ತೋರಿಸ್ತೀನಿ. ನೂರು ಪುಟದ ಭಾಷಣ ಮಾಡದ್ದನ್ನ ಇದೊಂದೇ ಮಾಡುತ್ತೆ.”

“ಅವಳಿಗೆ ನಾಳೆ ಬೆಳಿಗ್ಗೆ ಬೇಕು ಸಾರ್. ತಿಂಗಳ ಮೊದಲ ದಿನ.”

“ಹನ್ನೊಂದಕ್ಕೆ ನನ್ನ ಮಾತು. ಹನ್ನೆರಡಕ್ಕೆ ನಮ್ಮ ಡ್ರೈವರು ಇಲ್ಲಿರ್ತಾನೆ.”

ಗಟ್ಟಿಯಣ್ಣನ ಮನಸ್ಸಿನಲ್ಲಿ ಮೂವತ್ತೊಂದು ವರ್ಷದ ಅನುಭವ ಮಾತಾಡಿತು. ಒಂಟಿ ಬೂಟು ತಾನೇ? ಯಾರಿಗೆ ಏನು ಉಪಯೋಗ? ತಾನಾಗಿಯೇ ವಾಪಸು ಬರುತ್ತದೆ. ಜಗತ್ತಿನಲ್ಲಿ ಜೋಡಿಗಿಂತ ಒಂಟಿ ಬೂಟೇ ಹೆಚ್ಚು ಉಪಯೋಗಕ್ಕೆ ಬರುವ ಉದ್ಯೋಗವೊಂದಿದೆ ಎಂದು ಅವನಿಗೆ ಹೊಳೆಯಲಿಲ್ಲ. ಕಾಗದದಲ್ಲಿ ಸುತ್ತಿ ಕೊಟ್ಟ. ಮೀಟರಕ್ಕನನ್ನು ಒಂದು ಮಾತು ಕೇಳಬೇಕೆಂದೂ ಅನ್ನಿಸಲಿಲ್ಲ.

ಸೋಮವಾರ ಏಳಕ್ಕೆಲ್ಲ ಮೀಟರಕ್ಕ ಹಳೆಯ ಚಪ್ಪಲಿಯಲ್ಲಿ ಮೈಯನ್ನು ಒಂದು ಬದಿಗೆ ಎಸೆಯುತ್ತ ಬಂದಳು. ಕೈಚೀಲದಲ್ಲಿ ಬಲಗಾಲಿನ ಬೂಟು. ವಿಷಯ ಕೇಳಿ ಸ್ಟೂಲಿನ ಮೇಲೆ ಕುಸಿದಳು.

“ನನ್ನ ಕಾಲನ್ನ ಬಾಡಿಗೆಗೆ ಕೊಟ್ಟೆಯಾ ಅಣ್ಣ?”

“ಬಾಡಿಗೆ ಎಲ್ಲಿ, ಪುಕ್ಕಟೆ ಕೊಟ್ಟೆ. ನಮ್ಮೆಲ್ಲರ ಒಳ್ಳೇದಕ್ಕೇ ಅಲ್ವಾ? ಹನ್ನೆರಡಕ್ಕೆ ಬರುತ್ತೆ. ಗಟ್ಟಿ.”

ಹನ್ನೊಂದಕ್ಕೆ ಛತ್ರಿಯವಳೂ ಬಂದಳು, ಚೀಲದ ಜಿಪ್ಪು ಹಾಕುವವನೂ ಬಂದ. ನಾಲ್ವರೂ ಗಟ್ಟಿಯಣ್ಣನ ಫೋನಿನಲ್ಲಿ ಸದನದ ನೇರಪ್ರಸಾರ ನೋಡಿದರು. ನಾಯಕರು ಅದ್ಭುತವಾಗಿ ಮಾತಾಡಿದರು. “ಈ ಸರ್ಕಾರ ಒಬ್ಬ ಹೆಣ್ಣುಮಗಳ ನಡಿಗೆಯ ಮೇಲೆ ತೆರಿಗೆ ಹಾಕಿದೆ!” ಎಂದು ಬೂಟನ್ನು ತಲೆಯ ಮೇಲಕ್ಕೆ ಎತ್ತಿದರು. ಆಡಳಿತ ಪಕ್ಷದ ಮುಂದಿನ ಸಾಲಿನವರು ಆ ಮಾತನ್ನು ಕೇಳಿಸಿಕೊಳ್ಳಲಿಲ್ಲ. ಅವರು ಕಂಡದ್ದು ತಮ್ಮತ್ತ ಎತ್ತಿದ ಬೂಟು. ಒಬ್ಬರು ಮೇಜಿನ ಕೆಳಗೆ ತಲೆ ತಗ್ಗಿಸಿದರು. ಇನ್ನೊಬ್ಬರು “ಎಸೀತಾನೆ, ಎಸೀತಾನೆ!” ಎಂದು ಕೂಗಿದರು. ಕಾವಲಿನವರು ಓಡಿಬಂದರು. ಎಳೆದಾಟದಲ್ಲಿ ಬೂಟು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಿ, ಕೊನೆಗೆ ಅಧ್ಯಕ್ಷರ ಮೇಜು ಸೇರಿತು. ನಾಯಕರನ್ನು ಅಧಿವೇಶನ ಮುಗಿಯುವವರೆಗೆ ಹೊರಹಾಕಿದರು. ಹೊರಬಂದ ಅವರ ಕೊರಳಿಗೆ ಹಾರದ ಮೇಲೆ ಹಾರ ಬಿತ್ತು.

ಅಂಗಡಿಯ ಮುಂದೆ ಚಪ್ಪಾಳೆಯೋ ಚಪ್ಪಾಳೆ. ಜಿಪ್ಪಿನವನು ಶಿಳ್ಳೆ ಹಾಕಿದ. ಮೀಟರಕ್ಕ ಒಬ್ಬಳೇ ಫೋನಿನ ಮೇಲೆ ಬಗ್ಗಿ, “ಬೂಟು ಎಲ್ಲಿ ಇಟ್ರು ಅಂತ ನೋಡಿದ್ರಾ ಯಾರಾದ್ರೂ?” ಎಂದಳು.

ಹನ್ನೆರಡಾಯಿತು, ಎರಡಾಯಿತು, ಡ್ರೈವರು ಬರಲಿಲ್ಲ. ಗಟ್ಟಿಯಣ್ಣ ಪಕ್ಷದ ಕಚೇರಿಗೆ ಹೋದ. ಅಲ್ಲಿ ಅವನನ್ನು ಕುರ್ಚಿ ಕೊಟ್ಟು ಕೂರಿಸಿ, ಫೋಟೋ ತೆಗೆದು, ಬೂಟು ಈಗ ಸದನದ ವಶದಲ್ಲಿದೆ, ಹಕ್ಕುಚ್ಯುತಿ ಸಮಿತಿಯ ಮುಂದೆ ಸಾಕ್ಷಿಯಾಗಿದೆ, ತಮ್ಮ ಕೈಯಲ್ಲಿ ಏನೂ ಇಲ್ಲ ಎಂದರು. ಮಂಗಳವಾರ ಅವನೂ ಮೀಟರಕ್ಕನೂ ಸದನದ ಹಿಂಬಾಗಿಲಿಗೆ ಹೋದರು. ಕಿಟಕಿಯ ಗುಮಾಸ್ತ ಒಳ್ಳೆಯವನು. ಹುಡುಕಿ, ಫೈಲು ತಿರುವಿ, “ಇದೆ. ವಾರಸುದಾರರು ಅರ್ಜಿ ಕೊಟ್ರೆ ಬಿಡ್ತೀವಿ. ಇದು ನಿಮ್ಮದೇ ಅನ್ನೋದಕ್ಕೆ ಏನಿದೆ?” ಎಂದ.

ಮೀಟರಕ್ಕ ಚೀಲದಿಂದ ಬಲಗಾಲಿನ ಬೂಟು ತೆಗೆದು ಕಿಟಕಿಯ ಮೇಲಿಟ್ಟಳು. ಗುಮಾಸ್ತ ಅದನ್ನು ಒಂದು ಬೆರಳಿನಿಂದ ಹಿಂದಕ್ಕೆ ತಳ್ಳಿದ.

“ಇದು ಬೂಟು. ನಾನು ಕೇಳಿದ್ದು ದಾಖಲೆ. ರಿಪೇರಿ ಆದ ವಸ್ತು ಅಂತ ಸ್ವತಃ ನಾಯಕರೇ ಸದನದಲ್ಲಿ ಹೇಳಿದ್ದಾರಲ್ಲ, ಕಡತಕ್ಕೆ ಹೋಗಿದೆ. ಹಾಗಾದ್ರೆ ಪುನರ್ಮೌಲ್ಯ ತೆರಿಗೆ ಕಟ್ಟಿದ ರಸೀದಿ ತನ್ನಿ, ಅದೇ ಸಾಕು. ಐದು ನಿಮಿಷದ ಕೆಲಸ.”

“ಕಟ್ಟಿಬಿಡು ಅಣ್ಣ,” ಎಂದಳು ಮೀಟರಕ್ಕ ಹೊರಗೆ ಬಂದು. “ದುಡ್ಡು ನಾನು ಕೊಡ್ತೀನಿ.”

ದುಡ್ಡಿನ ಮಾತಾಗಿದ್ದರೆ ಅವನೇ ಕೊಡುತ್ತಿದ್ದ. ಬೀದಿಗೆ ವಾಪಸು ಬಂದು ವಿಷಯ ಎತ್ತಿದಾಗ ಛತ್ರಿಯವಳು ಸೊಂಟಕ್ಕೆ ಕೈಯಿಟ್ಟು ನಿಂತಳು. “ನೀನೇ ಕಟ್ಟಿದ್ರೆ ನಮ್ಮ ಗತಿ? ನಾಳೆ ನಮ್ಮ ಕತ್ತಿನ ಮೇಲೆ ಕೂರ್ತಾರೆ. ನಾಲ್ಕು ದಿನ ತಡ್ಕೋ.” ಆ ಸಂಜೆ ನಾಯಕರೇ ಫೋನು ಮಾಡಿದರು. “ಇಡೀ ಹೋರಾಟ ಈಗ ನಿಮ್ಮ ಮೇಲೆ ನಿಂತಿದೆ. ನೀವು ಕಟ್ಟಿದ ದಿನ ನಾವು ಸೋತ ದಿನ. ಸಮಿತಿಯಲ್ಲಿ ನಮ್ಮವರೂ ಇದ್ದಾರೆ, ನಾನು ಬಿಡಿಸ್ತೀನಿ.” ಗಟ್ಟಿಯಣ್ಣ ಎದ್ದು ನಿಂತು ಮಾತಾಡಿದ, ಎದ್ದದ್ದಕ್ಕೆ ಚಾವಣಿ ತಲೆಗೆ ಬಡಿಯಿತು. ಮರುದಿನ ಪತ್ರಿಕೆಯಲ್ಲಿ ಅವನ ಫೋಟೋ ಬಂತು. ಅದನ್ನು ಕತ್ತರಿಸಿ ಅಂಗಡಿಯ ಗೋಡೆಗೆ ಅಂಟಿಸಿದ. ಅದೇ ಅಂಟು, ಬೂಟಿಗೆ ಹಾಕುವುದು.

“ಹೊಸದೊಂದು ಮಾಡಿಕೊಡೋಕೆ ಏನು ರೋಗ?” ಎಂದಳು ಹೆಂಡತಿ.

“ಹನ್ನೆರಡು ವರ್ಷದ ಕೆಲಸ ಕಣೇ ಅದು. ಹದಿನೈದು ದಿನವಾದ್ರೂ ಬೇಕು. ಅಷ್ಟರಲ್ಲಿ ಅದೇ ಬರುತ್ತೆ.”

“ಬರುತ್ತೆ, ಬರುತ್ತೆ. ಕಾಲು ಬಂದಿದ್ಯಲ್ಲ ಅದಕ್ಕೆ.”

ಅವನು ಕೆತ್ತಲು ಶುರುಮಾಡಬಹುದಿತ್ತು. ಶುರುಮಾಡಿದರೆ ಬೂಟು ಬರುವುದಿಲ್ಲ ಎಂದು ತಾನೇ ಒಪ್ಪಿಕೊಂಡಂತೆ. ಬುಧವಾರ ಮೀಟರಕ್ಕ ಹಳೇ ಚಪ್ಪಲಿಯಲ್ಲೇ ಕೆಲಸಕ್ಕೆ ಹೊರಟಳು. ಚಪ್ಪಲಿಗೆ ಮಡಚಿದ ಬಟ್ಟೆ ಕಟ್ಟಿಕೊಂಡಿದ್ದಳು. ನೂರು ಮನೆ ಓದುವ ದಿನ ನಲವತ್ತು ಓದಿದಳು. ಗುರುವಾರ ಮೂವತ್ತು. ಶುಕ್ರವಾರ ಅವಳು ಅಂಗಡಿಯ ಮುಂದೆ ಹೋಗುವಾಗ ಗಟ್ಟಿಯಣ್ಣ ತಲೆಯೆತ್ತಲಿಲ್ಲ. ಕೈಯಲ್ಲಿದ್ದ ಬೂಟಿಗೆ ಬೇಡದ ಮೊಳೆಯೊಂದನ್ನು ಹೊಡೆದ. ಅವಳೂ ನಿಲ್ಲಲಿಲ್ಲ. ನಿಂತು ಬೈದಿದ್ದರೆ ಚೆನ್ನಾಗಿರುತ್ತಿತ್ತು. ಶನಿವಾರ ಅವಳು ಹಾದುಹೋಗಲೇ ಇಲ್ಲ. ಸೊಂಟ ಹಿಡಿದುಕೊಂಡು ಮಲಗಿದ್ದಾಳೆಂದು ಜಿಪ್ಪಿನವನು ಹೇಳಿದ. ಗಟ್ಟಿಯಣ್ಣ ನಾಯಕರಿಗೆ ಮೂರು ಸಲ ಫೋನು ಮಾಡಿದ. ಮೂರು ಸಲವೂ ಅವರು ಸಭೆಯಲ್ಲಿದ್ದರು.

ಸೋಮವಾರ ಬೆಳಿಗ್ಗೆ ಗಟ್ಟಿಯಣ್ಣ ಯಾರಿಗೂ ಹೇಳದೆ ತೆರಿಗೆ ಕಚೇರಿಗೆ ಹೋಗಿ ಕಟ್ಟಿದ. ಕಿಟಕಿಯ ಹೆಂಗಸು ಅವನ ಮುಖ ನೋಡಿ, ಇನ್ನೊಮ್ಮೆ ನೋಡಿ, ಪಕ್ಕದವಳನ್ನು ಮೊಣಕೈಯಲ್ಲಿ ತಿವಿದಳು. ರಸೀದಿ ಹಿಡಿದು ಸದನದ ಹಿಂಬಾಗಿಲಿಗೆ ಓಡಿದ. ಗುಮಾಸ್ತ ಹೇಳಿದಂತೆ ಐದೇ ನಿಮಿಷ. ಬೂಟು ಬಂತು. ಅದರ ಮೇಲ್ಚರ್ಮಕ್ಕೆ ತೂತು ಹೊಡೆದು ತಂತಿಯಲ್ಲಿ ಸಾಕ್ಷಿ ಸಂಖ್ಯೆಯ ತಗಡು ಕಟ್ಟಿದ್ದರು. ಉಳಿದಂತೆ ಸರಿಯಾಗಿಯೇ ಇತ್ತು.

ಅವನು ಬೀದಿ ತಲುಪುವ ಮೊದಲೇ ಸುದ್ದಿ ತಲುಪಿತ್ತು. ಮಂತ್ರಿಗಳು ಸದನದಲ್ಲಿ ರಸೀದಿಯ ಪ್ರತಿಯನ್ನೇ ಎತ್ತಿ ಹಿಡಿದು, “ಇಗೋ, ಅದೇ ಬೂಟಿನವರು ಸಂತೋಷದಿಂದ ತೆರಿಗೆ ಕಟ್ಟಿದ್ದಾರೆ. ವಿರೋಧ ಪಕ್ಷದವರಿಗೆ ಮಾತ್ರ ಕಾಲುನೋವು!” ಎಂದು ಹೇಳಿ ನಗಿಸಿದ್ದರು. ನಾಯಕರು ಹೊರಗೆ ಮೈಕಿನ ಮುಂದೆ, ಒಬ್ಬ ಬಡಪಾಯಿಯನ್ನೂ ಈ ಸರ್ಕಾರ ಕೊಂಡುಕೊಂಡಿತು ಎಂದು ಕಣ್ಣೀರು ಒರೆಸಿಕೊಂಡಿದ್ದರು. ಛತ್ರಿಯವಳು ಅವನನ್ನು ಕಂಡು ಸ್ಟೂಲನ್ನು ತಿರುಗಿಸಿ ಬೆನ್ನು ಕೊಟ್ಟು ಕೂತಳು. ಜಿಪ್ಪಿನವನು, “ಎಷ್ಟು ಕೊಟ್ರಣ್ಣ?” ಎಂದ. ತಮಾಷೆಗೋ ನಿಜಕ್ಕೋ ಗೊತ್ತಾಗಲಿಲ್ಲ. ಗಟ್ಟಿಯಣ್ಣ ತಲೆ ತಗ್ಗಿಸಿ ಮೆಟ್ಟಿಲಡಿಗೆ ನುಗ್ಗಿದ.

ತಂತಿ ಬಿಚ್ಚಿ, ತೂತಿಗೆ ಒಳಗಿನಿಂದ ಚರ್ಮ ಹಚ್ಚಿ, ಬಣ್ಣ ಹೊಡೆದು, ಸಂಜೆ ಮೀಟರಕ್ಕನ ಮನೆಗೆ ಹೊರಟ. ದಾರಿಯಲ್ಲಿ ಮಾತುಗಳನ್ನು ಜೋಡಿಸಿಕೊಂಡ. ತಪ್ಪಾಯಿತು ಎನ್ನಬೇಕು. ಕೇಳದೆ ಕೊಟ್ಟದ್ದು ಒಂದು ತಪ್ಪು, ಕಟ್ಟಲು ಆರು ದಿನ ತೆಗೆದುಕೊಂಡದ್ದು ಇನ್ನೊಂದು, ಫೋಟೋ ಅಂಟಿಸಿದ್ದು ಮೂರನೆಯದು. ಮೂರನೆಯದನ್ನು ಹೇಳಬೇಕೋ ಬೇಡವೋ ಎಂದು ಎರಡನೇ ಮಹಡಿಯ ಮೆಟ್ಟಿಲವರೆಗೂ ಯೋಚಿಸಿದ.

ಒಂದೇ ಕೋಣೆಯ ಮನೆ. ಕಿಟಕಿಯ ಹತ್ತಿರ ಅವಳ ಅತ್ತೆ, ಕಿವಿ ಕೇಳದ ಮುದುಕಿ, ಬಟ್ಟೆ ಮಡಚುತ್ತಿದ್ದಳು. ಗಂಡ ಬಿಟ್ಟುಹೋದರೂ ಅತ್ತೆ ಬಿಟ್ಟುಹೋಗಿರಲಿಲ್ಲ. ಮೀಟರಕ್ಕ ಬೂಟು ಹಾಕಿಕೊಂಡು ಗೋಡೆಯಿಂದ ಗೋಡೆಗೆ ನಡೆದಳು. ನೆಟ್ಟಗೆ ನಡೆದಳು.

“ಚೆನ್ನಾಗಿದೆ,” ಎಂದಳು. “ಎಲ್ಲಿಗೆ ಹೋಗ್ಲಿ ಈಗ?”

“ಯಾಕೆ, ಕೆಲಸ...”

“ಶನಿವಾರವೇ ಬೇರೆಯವಳನ್ನ ಹಾಕ್ಕೊಂಡ್ರು. ಎರಡೂ ಕಾಲು ಸರಿ ಇರೋಳು. ಗುತ್ತಿಗೆದಾರ ಬೈಲೂ ಇಲ್ಲ, ಪಾಪ. ‘ಮೀಟರು ಯಾರ ಕಾಲಿಗೂ ಕಾಯಲ್ಲಮ್ಮ’ ಅಂದ.”

ಜೋಡಿಸಿ ತಂದ ಮಾತುಗಳು ಅಲ್ಲೇ ಕಳಚಿದವು. ಏನಾದರೂ ಹೇಳಬೇಕೆಂದು ಅವನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ಪಕ್ಷದ ಕಚೇರಿಯಲ್ಲಿ ಕುರ್ಚಿ ಕೊಟ್ಟಿದ್ದ ಕಾರ್ಯಕರ್ತ. ಗಟ್ಟಿಯಣ್ಣನನ್ನು ಕಂಡು ಮುಖ ಗಂಟಿಕ್ಕಿ, ಮೀಟರಕ್ಕನ ಕಡೆ ತಿರುಗಿ ಗಂಟು ಬಿಚ್ಚಿದ.

“ಅಕ್ಕ, ಗುರುವಾರ ದೊಡ್ಡ ಮೆರವಣಿಗೆ. ತೆರಿಗೆ ವಿರುದ್ಧ. ನೀವು ಎಲ್ಲರಿಗಿಂತ ಮುಂದೆ, ನಾಯಕರ ಪಕ್ಕದಲ್ಲೇ ನಡೀಬೇಕು.”

“ಎಷ್ಟು ದೂರ?”

“ನಾಲ್ಕು ಮೈಲಿ. ಕೂಲಿ ಕೊಡ್ತೀವಿ, ಊಟ ಇದೆ. ಒಂದೇ ಒಂದು...” ಅವನು ಅವಳ ಕಾಲು ನೋಡಿ ತಡವರಿಸಿದ. “ಈ ಬೂಟು ಹಾಕ್ಕೋಬೇಡಿ. ಇದ್ರಲ್ಲಿ ನಿಮಗೆ ಏನೂ ಆಗಿಲ್ಲ ಅನ್ನೋ ಹಾಗೆ ಕಾಣುತ್ತೆ.”

ಗಟ್ಟಿಯಣ್ಣ ಈಗ ಇವಳು ಇವನನ್ನು ಮೆಟ್ಟಿಲಿನಿಂದ ಉರುಳಿಸುತ್ತಾಳೆ ಎಂದು ಕಾದ. ಉರುಳಿಸಲಿ ಎಂದು ಹಾರೈಸಿದ.

“ನಡೆಯೋದಕ್ಕೆ ಕೂಲಿ ಅಂತ ಹೇಳಿದ್ರಿ,” ಎಂದಳು ಮೀಟರಕ್ಕ. “ಕುಂಟೋದಕ್ಕೆ ಮೇಲೆ ಎಷ್ಟು?”

ಕಾರ್ಯಕರ್ತ ಒಂದು ಮೊತ್ತ ಹೇಳಿದ. ಅವಳು ಒಂದು ಮೊತ್ತ ಹೇಳಿದಳು. ಹತ್ತು ನಿಮಿಷ ಹಗ್ಗಜಗ್ಗಾಟ ನಡೆದು ನಡುವೆ ಎಲ್ಲೋ ಒಪ್ಪಂದವಾಯಿತು. ಇತರ ಊರುಗಳಲ್ಲೂ ಮೆರವಣಿಗೆಗಳಿವೆ, ಜನ ಇಷ್ಟಪಟ್ಟರೆ ತಿಂಗಳಿಗೆ ಏಳೆಂಟು ಸಿಗಬಹುದು ಎಂದು ಭರವಸೆ ಕೊಟ್ಟು ಅವನು ಹೋದ.

“ಮೀಟರಿಗಿಂತ ಇದೇ ಮೇಲು,” ಎಂದಳು ಅವಳು ಬೂಟು ಬಿಚ್ಚುತ್ತ. “ಬಾಗಿಲು ತೆಗೀರಿ ಅಂತ ಕೂಗೋ ಹಾಗಿಲ್ಲ, ನಾಯಿ ಕಾಟ ಇಲ್ಲ. ನೀನು ಏನೋ ಹೇಳೋಕೆ ಬಂದ ಹಾಗಿತ್ತಲ್ಲ ಅಣ್ಣ?”

“ಏನಿಲ್ಲ.”

“ಏನಿಲ್ಲದಿದ್ರೆ ಅಲ್ಲೇ ಕೂತ್ಕೊಂಡು ಇದನ್ನ ಸರಿಯಾಗಿ ನೋಡಿ ಹೇಳು. ದುಡ್ಡು ತಗೊಂಡ ಮೇಲೆ ಕೆಲಸ ಕಳಪೆ ಆಗಬಾರದು. ನನ್ನ ನಡಿಗೆ ನಿನ್ನಷ್ಟು ಬಲ್ಲವರು ಇನ್ಯಾರಿದ್ದಾರೆ?”

ಅವಳು ಬರಿಗಾಲಲ್ಲಿ ಕಿಟಕಿಯ ಗೋಡೆಯಿಂದ ಬಾಗಿಲ ಗೋಡೆಗೆ ಕುಂಟಿದಳು. ನೆಟ್ಟಗೆ ನಡೆದ ಹನ್ನೆರಡು ವರ್ಷದ ಅಭ್ಯಾಸ ಇನ್ನೂ ಮೈಯಲ್ಲಿತ್ತು. ಇದ್ದ ಕುಂಟು ಮೆರವಣಿಗೆಗೆ ಸಾಲದೆನಿಸಿ ಕಾಲನ್ನು ನೆಲಕ್ಕೆ ಉಜ್ಜಿ ಎಳೆದಳು. ಮುದುಕಿ ಬಟ್ಟೆ ಬಿಟ್ಟು ಸೊಸೆಯನ್ನು ಗಾಬರಿಯಿಂದ ನೋಡಿದಳು. ಮೀಟರಕ್ಕ ತಿರುಗಿ ಮತ್ತೊಂದು ಸುತ್ತು ಬಂದು, ಸೊಂಟಕ್ಕೆ ಕೈಯಿಟ್ಟು, ಉತ್ತರಕ್ಕೆ ಕಾಯುತ್ತ ನಿಂತಳು.

ಗಟ್ಟಿಯಣ್ಣ ನೆಲ ನೋಡಿದ. ಆದರೆ ಕೆಲಸ ಕೆಲಸವೇ, ಕಣ್ಣು ತಾನಾಗಿಯೇ ನೋಡಬೇಕಾದ್ದನ್ನು ನೋಡಿಬಿಟ್ಟಿತ್ತು.

“ಕಾಲನ್ನ ಎಳೀಬೇಡ, ನಾಟಕ ಅಂತ ಗೊತ್ತಾಗುತ್ತೆ,” ಎಂದ. “ಎಡ ಭುಜ ಇನ್ನೂ ಸ್ವಲ್ಪ ಇಳೀಬೇಕು.”